ಬಸ್ಸು ನಿಲ್ಲಿಸಿದ ಎಮ್ಮೆ

ಆ ಸಿನಿಮಾದಲ್ಲಿ ಅರ್ಧ ಭಾಗ ನಾನು ನಿದ್ದೆ ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಎಮ್ಮೆ ಟೌನ್ ಬಸ್ಸಿನ ಕಂಡಕ್ಟರ್ ಆಗುವ ಕಥೆ ಅದು. ಮಕ್ಕಳ ಪುಸ್ತಕವೊಂದನ್ನು ಸಿನಿಮಾ ಮಾಡಿದ್ದರು. ಖಾಕಿ ಅಂಗಿ, ಕೊರಳಲ್ಲಿ ಚರ್ಮದ ಚೀಲ, ಕೊಂಬಿಗೆ ಕಟ್ಟಿದ ಸೀಟಿ. ಎಮ್ಮೆ ಟಿಕೆಟ್ ಹರಿದು ಕೊಡುವ ಬದಲು ತಿಂದುಬಿಡುತ್ತದೆ, ಚೆಕಿಂಗ್‌ಗೆ ಬಂದ ಇನ್ಸ್‌ಪೆಕ್ಟರ್ ಮೇಲೆ ಕೂತುಬಿಡುತ್ತದೆ. ತಲೆಬುಡವಿಲ್ಲದ ಕಥೆ. ಆದರೂ ಆ ದಿನ ಥಿಯೇಟರಿನಲ್ಲಿ ಮಕ್ಕಳಿಗಿಂತ ದೊಡ್ಡವರೇ ಜೋರಾಗಿ ನಗುತ್ತಿದ್ದರು. ನಾನು ಮಾತ್ರ, ಎರಡೂವರೆ ಗಂಟೆ ಯಾರೂ ನನ್ನನ್ನು ಕೂಗಿ ಕರೆಯದ ಒಂದು ಜಾಗ ಸಿಕ್ಕಿತಲ್ಲ ಎಂದು ಸೀಟಿಗೆ ತಲೆ ಆನಿಸಿದ್ದೆ.

ಆ ವರ್ಷದ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ದಣಿವೇ. ಮಾಚೇನಹಳ್ಳಿಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನನ್ನ ಕೆಲಸ. ಎರಕ ಹೊಯ್ದು ಬಂದ ಕಬ್ಬಿಣದ ಭಾಗಗಳನ್ನು ಅಳತೆ ಹಿಡಿದು ನೋಡಿ, ಸರಿ ಇದ್ದದ್ದನ್ನು ಈ ಕಡೆ, ಇಲ್ಲದ್ದನ್ನು ಆ ಕಡೆ ಇಡಬೇಕು. ಇಡೀ ದಿನ ನಿಂತೇ ಇರಬೇಕು. ಸಂಜೆ ರವೀಂದ್ರನಗರದ ಮನೆಗೆ ಬಂದರೆ ಅಡುಗೆ, ಎಂಟು ವರ್ಷದ ಮಗಳ ಹೋಂವರ್ಕ್, ಅತ್ತೆಯ ಮೌನ. ಮೂರರಲ್ಲಿ ಅತ್ತೆಯ ಮೌನವೇ ಹೆಚ್ಚು ಕಷ್ಟದ್ದಾಗಿತ್ತು. ನನ್ನ ಗಂಡ ಅಡಿಕೆ ಮಂಡಿಯಲ್ಲಿ ಗುಮಾಸ್ತರು, ಒಳ್ಳೆಯವರು, ಆದರೆ ಮನೆಯಲ್ಲಿ ಒಂದು ಮಾತು ಏರಿತು ಎಂದರೆ ಹೊರಗೆ ಹೋಗಲು ಚಪ್ಪಲಿ ಹುಡುಕುವ ಮನುಷ್ಯ.

ಮಾವ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕದಲ್ಲೇ ದುಡಿದು ರಿಟೈರ್ ಆದವರು ಅವರು. ಆ ಸದ್ದಿಗೆ ಕಿವಿ ಮಂದವಾಗಿ, ಮಾತಾಡಿದರೆ ಎರಡು ಕ್ರಾಸ್ ಆಚೆಯ ತನಕ ಕೇಳಿಸುತ್ತಿತ್ತು. ಎಷ್ಟು ಜೋರಾಗಿ ಮಾತಾಡಿದರೂ ಮನಸ್ಸಿನಲ್ಲಿ ಇದ್ದದ್ದನ್ನು ಮಾತ್ರ ಆಡುತ್ತಿರಲಿಲ್ಲ. ಉಪ್ಪು ಜಾಸ್ತಿ, ನೀರು ಬಂತು, ಗೇಟು ಹಾಕು, ಇಷ್ಟೇ. ನಾನು ಸೊಸೆಯಾಗಿ ಬಂದ ಮೇಲೆ ಅವರು ಉದ್ದಕ್ಕೆ ಮಾತಾಡಿದ್ದನ್ನು ಕೇಳಿದ್ದು ಒಂದೇ ಒಂದು ಸಂದರ್ಭದಲ್ಲಿ, ಮಗಳಿಗೆ ಆ ಎಮ್ಮೆ ಪುಸ್ತಕ ಓದಿ ಹೇಳುವಾಗ.

ಪುಸ್ತಕವನ್ನು ಪ್ರದರ್ಶನವೊಂದರಲ್ಲಿ ಮಗಳೇ ಆರಿಸಿದ್ದು. ಅವಳು ಶಾಲೆಯಿಂದ ಬಂದ ಕೂಡಲೇ ಮಾವ ಹಾಲ್‌ನ ಕುರ್ಚಿಯಲ್ಲಿ ಕೂತು, ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ, ಕನ್ನಡಕ ಹಾಕಿಕೊಂಡು ಶುರು ಮಾಡುತ್ತಿದ್ದರು. ಎಮ್ಮೆಗೊಂದು ದನಿ, ಡ್ರೈವರ್‌ಗೊಂದು ದನಿ, ಪ್ಯಾಸೆಂಜರ್‌ಗಳಿಗೆಲ್ಲ ಬೇರೆ ಬೇರೆ ದನಿ. ಅತ್ತೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿರುತ್ತಿದ್ದರು. ಆ ಪುಟ್ಟ ಪುಸ್ತಕವನ್ನು ಮಾವ ಒಂದೂವರೆ ವರ್ಷ ಓದಿದರು. ರಜೆಯ ದಿನ ನಾನೂ ಕೇಳಿದ್ದೇನೆ, ಬಟ್ಟೆ ಮಡಿಚುತ್ತ, ಅರ್ಧ ಕಿವಿಯಲ್ಲಿ.

ಅದರಲ್ಲಿ ಒಂದು ಭಾಗವಿತ್ತು. ಬಸ್ಸು ತುಂಬಿ ತುಳುಕುತ್ತಿದೆ. ಸ್ಟಾಪಿನಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಮಗು ಕೂರಿಸಿಕೊಂಡು ಬೆಳಗ್ಗೆಯಿಂದ ನಿಂತಿದ್ದಾಳೆ, ಯಾವ ಬಸ್ಸೂ ನಿಲ್ಲುತ್ತಿಲ್ಲ. ಆಗ ಎಮ್ಮೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗುತ್ತದೆ. ಮಾವ ಆ ಕೂಗನ್ನು ಮನೆಯೇ ಅದುರುವಂತೆ ಕೂಗುತ್ತಿದ್ದರು. "ಹೋಲ್ಡಾನ್! ನಿಲ್ಸೋ ಬಸ್ಸು! ಅಲ್ಲೊಬ್ಳು ಮಗು ಎತ್ಕೊಂಡು ನಿಂತಿದಾಳೆ, ಕಣ್ಣು ಕಾಣಲ್ವಾ ನಿಂಗೆ?" ಎಮ್ಮೆ ತಾನೇ ಕೆಳಗಿಳಿದು ಆ ಹೆಂಗಸನ್ನು ತನ್ನ ಸೀಟಿನಲ್ಲಿ ಕೂರಿಸುತ್ತದೆ. "ತಡ ಆಯ್ತು. ತಪ್ಪು ನಂದು. ಹತ್ತು, ಇನ್ನೆಲ್ಲೂ ನಿಲ್ಸಲ್ಲ, ಸೀದಾ ಆಯನೂರು." ಆಮೇಲೆ ಬಸ್ಸಿನ ಹಿಂದೆ ಓಡಿಕೊಂಡೇ ಆಯನೂರಿನ ತನಕ ಹೋಗುತ್ತದೆ. ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಪುಸ್ತಕದಲ್ಲಿ ಬೇರೆ ಯಾವುದೋ ಊರಿರಬೇಕು, ಮಾವ ನಮ್ಮ ಕಡೆಯ ಹೆಸರು ಹಾಕಿಕೊಂಡಿದ್ದಾರೆ ಎಂದು ನಾನು ಅಂದುಕೊಂಡಿದ್ದೆ.

ಅತ್ತೆಯ ತವರು ಆಯನೂರು. ಅವರ ಬದುಕಿನಲ್ಲಿ ಅಂಥದ್ದೇ ಒಂದು ದಿನ ಇತ್ತು. ನಾನು ಮದುವೆಯಾಗಿ ಬಂದ ಮೊದಲ ವರ್ಷವೇ ಅವರು ನನಗೆ ಅದನ್ನು ಹೇಳಿದ್ದರು. ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಇದ್ದ ಕಾಲ. ಅವರ ತಾಯಿಗೆ ಜಾಸ್ತಿಯಾಗಿದೆ ಎಂದು ಸುದ್ದಿ ಬಂತು. ಮಾವ, "ಬಸ್ ಸ್ಟಾಪ್ ಹತ್ರ ನಿಂತಿರು, ರಜೆ ಹೇಳಿ ಬಂದ್ಬಿಡ್ತೀನಿ" ಎಂದು ಹೋದರು. ಹೋದವರು ಬರಲಿಲ್ಲ. ಕುಲುಮೆಯಲ್ಲಿ ಏನೋ ಕೆಟ್ಟು, ಫೋರ್‌ಮನ್ ಇರು ಎಂದನಂತೆ, ಇವರು ಇದ್ದುಬಿಟ್ಟರಂತೆ. ಒಂದು ಮಾತು ಹೇಳಿ ಕಳಿಸಲಿಲ್ಲ. ಅತ್ತೆ ಒಂದೂವರೆ ವರ್ಷದ ಮಗನನ್ನು ಎತ್ತಿಕೊಂಡು ಬೆಳಗ್ಗೆಯಿಂದ ಮಧ್ಯಾಹ್ನ ಮೂರರ ತನಕ ನಿಂತರು. ಮದುವೆ ಸೀಸನ್, ಬಂದ ಬಸ್ಸೆಲ್ಲ ತುಂಬಿಕೊಂಡೇ ಬಂದು ನಿಲ್ಲದೆ ಹೋಗುತ್ತಿದ್ದವು. ಕೊನೆಗೆ ಹೇಗೋ ಒಬ್ಬರೇ ಹತ್ತಿ ಆಯನೂರು ಮುಟ್ಟುವಾಗ ತಾಯಿಯನ್ನು ಮಣ್ಣು ಮಾಡಿ ಬಂದಿದ್ದರು. ಮುಖ ಸಿಗಲಿಲ್ಲ.

"ಬರಲಿಲ್ಲ, ಸರಿ ಮಾರಾಯ್ತಿ. ಕಾರ್ಖಾನೆ ಕೆಲಸ, ಯಾರ ಕೈಲೂ ಇಲ್ಲ," ಎಂದಿದ್ದರು ಅತ್ತೆ. "ಆದ್ರೆ ಆಮೇಲಾದ್ರೂ ಒಂದು ಮಾತು ಬೇಡ್ವಾ? ತಪ್ಪಾಯ್ತು ಅಂತ? ಇವತ್ತಿನ ತನಕ ಇಲ್ಲ. ಆ ವಿಷಯ ಎತ್ತಿದ್ರೆ ಎದ್ದು ಹೊರಗೆ ಹೋಗ್ತಾರೆ." ನನ್ನ ಗಂಡ ಚಪ್ಪಲಿ ಹುಡುಕುವುದನ್ನು ಯಾರಿಂದ ಕಲಿತರು ಎಂಬುದು ನನಗೆ ಆವತ್ತು ಗೊತ್ತಾಯಿತು.

ಹಾಗಾಗಿ ಆ ಎಮ್ಮೆ ಬಸ್ಸು ನಿಲ್ಲಿಸುವ ಭಾಗ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಅತ್ತೆಗೆ ನಾಲ್ಕನೇ ಕ್ಲಾಸಿನ ತನಕ ಓದಿದ ಅಕ್ಷರವಿತ್ತು, ಆದರೆ ಅವರು ಪುಸ್ತಕ ಮುಟ್ಟಿದವರಲ್ಲ. ಅವರ ಲೆಕ್ಕದಲ್ಲಿ, ಕನ್ನಡಕ ಹಾಕಿಕೊಂಡು ಪುಸ್ತಕ ಹಿಡಿದು ಓದಿದ್ದೆಲ್ಲ ಅಚ್ಚಾಗಿಯೇ ಇರುವಂಥದ್ದು. ಯಾರೋ ಪುಣ್ಯಾತ್ಮರು ತಮ್ಮಂಥವಳೊಬ್ಬಳ ಕಷ್ಟ ಅರಿತು ಬರೆದಿದ್ದಾರೆ ಎಂದು ಅವರು ನಂಬಿದ್ದರು. ಒಂದು ದಿನ ತಡೆಯಲಾರದೆ, ಸೌಟು ಹಿಡಿದುಕೊಂಡೇ ಹಾಲ್‌ಗೆ ಬಂದರು. ನಾನೂ ಅಲ್ಲೇ ಇದ್ದೆ.

"ಅಲ್ಲ, ದಿನಾ ಇದನ್ನೇ ಓದ್ತೀರಲ್ಲ, ನಿಮಗೆ ಏನೂ ನೆನಪಾಗಲ್ವಾ? ಪುಸ್ತಕ ಬರೆದವರಿಗಿರೋ ಬುದ್ಧಿ ನಿಮಗಿಲ್ವಲ್ಲ!"

ಮಾವ ಪುಸ್ತಕ ಮುಚ್ಚದೆ, ಹೆಬ್ಬೆರಳನ್ನು ಅದೇ ಪುಟದಲ್ಲಿ ಒತ್ತಿಕೊಂಡು, ಒಂದು ಕ್ಷಣ ಅವರನ್ನೇ ನೋಡಿದರು. "ಹೌದು ಮಾರಾಯ್ತಿ. ಬರೆದವರು ದೊಡ್ಡವರು ಬಿಡು," ಎಂದರು. ಅತ್ತೆ ಮೂತಿ ತಿರುವಿ ಒಳಗೆ ಹೋದರು. ಅದಾಗಿ ಮೂರನೇ ದಿನ ಬೆಳಗ್ಗೆ ಮಾವ ಬಚ್ಚಲಿನಲ್ಲಿ ಕುಸಿದರು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಅತ್ತೆ ಅವರ ಕನ್ನಡಕ, ನಶ್ಯದ ಡಬ್ಬಿ, ಮಫ್ಲರ್, ಆ ಪುಸ್ತಕ ಎಲ್ಲವನ್ನೂ ಟ್ರಂಕಿಗೆ ಹಾಕಿ, ವರ್ಷದ ಕಾರ್ಯ ಆಗುವ ತನಕ ಯಾರೂ ಮುಟ್ಟಬಾರದು ಎಂದರು. ಆಮೇಲೆ ಮಾತು ಕಡಿಮೆ ಮಾಡಿದರು, ಊಟವನ್ನೂ ಕಡಿಮೆ ಮಾಡಿದರು. ಒಂದು ಸೌಟು ಅನ್ನ ಹಾಕಿದರೆ ಅರ್ಧ ಉಳಿಯುತ್ತಿತ್ತು. ಡಾಕ್ಟರು ಏನೂ ಇಲ್ಲ ಎಂದರು. ಕೇಳಿದರೆ ಅತ್ತೆ ಒಂದೇ ಮಾತು ಹೇಳುತ್ತಿದ್ದರು. "ಹೋಗೋ ಮುಂಚೆ ಒಂದು ಮಾತು ಆಡಿ ಹೋಗ್ಬಹುದಿತ್ತು. ಇನ್ನು ಯಾರ ಹತ್ರ ಕೇಳ್ಲಿ?" ನಿಜ ಹೇಳಬೇಕೆಂದರೆ, ಕೆಲವು ಸಂಜೆ ನನಗೆ ಸಿಟ್ಟೂ ಬರುತ್ತಿತ್ತು. ಕಾಲು ಬಾತುಕೊಂಡು ಬಂದು ನಿಂತು ಮಾಡಿದ ಅಡುಗೆ ತಟ್ಟೆಯಲ್ಲಿ ಹಾಗೇ ಉಳಿದರೆ ಯಾರಿಗೆ ಬರುವುದಿಲ್ಲ?

ಇದರ ಜೊತೆಗೆ ನನ್ನ ಭಾವ, ಅಂದರೆ ಗಂಡನ ಅಣ್ಣ. ಹೈಸ್ಕೂಲ್ ಮೇಷ್ಟ್ರು, ನಮ್ಮಿಂದ ಎರಡು ಕ್ರಾಸ್ ಆಚೆ ಮನೆ. ವರ್ಷ ತುಂಬುವ ತನಕ ಹಬ್ಬ ಇಲ್ಲ, ಸಿಹಿ ಇಲ್ಲ, ಮದುವೆ ಊಟ ಇಲ್ಲ, ಸಿನಿಮಾ ಅಂತೂ ಕೇಳಲೇಬೇಡಿ. ದಸರಾ ರಜೆಯಲ್ಲಿ ಎಮ್ಮೆ ಸಿನಿಮಾ ಬಂದು, ಶಿವಮೊಗ್ಗದ ಗೋಡೆಗಳ ಮೇಲೆಲ್ಲ ಖಾಕಿ ಹಾಕಿದ ಎಮ್ಮೆ ಹಲ್ಲು ಕಿರಿಯುತ್ತಿದ್ದಾಗ ಮಗಳು ಒಂದು ದಿನ ಅತ್ತಳು, ಎರಡು ದಿನ ಮುನಿಸಿಕೊಂಡಳು. ಮುಂದಿನ ವರ್ಷ ಟಿವಿಯಲ್ಲಿ ಬರುತ್ತೆ ಸುಮ್ಮನಿರು ಎಂದು ನಾನೇ ಗದರಿದೆ.

ಮೂರನೇ ದಿನ ಅತ್ತೆ ಹುಣಸೆಹಣ್ಣು ಬಿಡಿಸುತ್ತ ಕೂತವರು ತಲೆ ಎತ್ತದೆ ಕೇಳಿದರು. "ಅದರಲ್ಲಿ ಬಸ್ಸು ನಿಲ್ಸೋದು ತೋರಿಸ್ತಾರಾ?"

"ಯಾವುದರಲ್ಲಿ ಅತ್ತೆ?"

"ಆ ಎಮ್ಮೆ ಸಿನಿಮಾದಲ್ಲಿ. ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಅನ್ಸುತ್ತೆ. ಅವಳಿಗೆ ಬಸ್ಸು ನಿಂತಿದ್ದನ್ನ."

ಏಳು ತಿಂಗಳಲ್ಲಿ ಅವರು ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು. ಭಾವ ಏನಾದರೂ ಅನ್ನಲಿ ಎಂದುಕೊಂಡೆ. ಆದರೂ ಧೈರ್ಯ ಪೂರ್ತಿ ಬರಲಿಲ್ಲ. ಶಿವಮೊಗ್ಗದ ಥಿಯೇಟರಿಗೆ ಹೋದರೆ ರವೀಂದ್ರನಗರದವರು ಯಾರಾದರೂ ನೋಡಿಯೇ ನೋಡುತ್ತಾರೆ ಎಂದು ನಾವಿಬ್ಬರೂ ತಲೆ ಓಡಿಸಿ, ಭದ್ರಾವತಿಯಲ್ಲಿ ನೋಡೋಣ ಎಂದು ತೀರ್ಮಾನಿಸಿದೆವು. ಮೂವತ್ತೈದು ವರ್ಷ ಅತ್ತೆ ಬಾಳಿದ ಊರು, ಬೀದಿ ಬೀದಿಗೂ ಪರಿಚಯದವರು. ಅಡಗಿಕೊಳ್ಳಲು ನಾವು ಆರಿಸಿದ್ದು ಅಂಥ ಜಾಗ! ಅತ್ತೆ ಸೊಸೆ ಇಬ್ಬರಿಗೂ ಅದು ಹೊಳೆಯಲಿಲ್ಲ.

ನನ್ನ ವಾರದ ರಜೆಯ ದಿನ, ಗಂಡನಿಗೆ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ಹೇಳಿ, ಮಗಳನ್ನೂ ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೊರಟೆವು. ಬಸ್ಸು ಮಾಚೇನಹಳ್ಳಿ ದಾಟುವಾಗ ನಮ್ಮ ಫ್ಯಾಕ್ಟರಿಯ ಗೇಟು ಕಂಡು, ರಜೆಯ ದಿನವೂ ಇದೇ ದಾರಿಯೇ ಎಂದು ನನಗೆ ನಗುವೇ ಬಂತು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು.

ಸಿನಿಮಾ ಶುರುವಾಯಿತು. ಎಮ್ಮೆಯ ಬಾಲ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡು, ಎಳೆದ ರಭಸಕ್ಕೆ ಬಾಗಿಲೇ ಕಿತ್ತು ಬಂದಾಗ ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದರೆ ಅತ್ತೆ. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದವರೊಬ್ಬರು ಮಗನನ್ನು ಮರೆತು ತಾವೇ ಸೀಟಿನಿಂದ ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಅಬ್ಬಾ, ಇವರು ನಕ್ಕರಲ್ಲ ಎಂದುಕೊಂಡೆ. ಆ ನೆಮ್ಮದಿಗೇ ಇರಬೇಕು, ಕಣ್ಣು ಮುಚ್ಚಿತು.

ಇಂಟರ್ವಲ್‌ನಲ್ಲಿ ದೀಪ ಹತ್ತಿದ್ದೇ ತಡ, ಹಿಂದಿನಿಂದ ಒಂದು ಕೂಗು. "ಅಯ್ಯಯ್ಯೋ ಅಕ್ಕಾ! ನೀವೇನಾ?" ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ತಮಿಳು ಮಾತಿನ ಹೆಂಗಸು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅತ್ತೆ ಕಳ್ಳರ ಹಾಗೆ ಮುಖ ತಗ್ಗಿಸಿದರು. ಆಕೆ ಅತ್ತೆಯ ಕೈ ಹಿಡಿದು, "ಬಂದ್ರಲ್ಲ, ಒಳ್ಳೇದಾಯ್ತು ಬಿಡಕ್ಕಾ. ಮನೇಲಿ ಕೂತು ಅತ್ರೆ ಅಣ್ಣ ವಾಪಸ್ ಬರ್ತಾರಾ?" ಎಂದು, ಒಂದು ಸೆಲ್ಫಿಯನ್ನೂ ತೆಗೆದುಕೊಂಡರು. ಬೇಡ ಎನ್ನುವಷ್ಟು ಚುರುಕು ನನ್ನಲ್ಲಿ ಉಳಿದಿರಲಿಲ್ಲ.

ಎರಡನೇ ಅರ್ಧ ನಾನು ನೋಡಲಿಲ್ಲ. ಮಗಳು ಅಲ್ಲಾಡಿಸಿ ಎಬ್ಬಿಸುವಾಗ ಜನ ಎದ್ದು ಹೊರಟಿದ್ದರು. ಅತ್ತೆ ಮಾತ್ರ ಖಾಲಿ ಪರದೆ ನೋಡುತ್ತ ಕೂತಿದ್ದರು. ಕಸ ಗುಡಿಸುವವಳು ನಮ್ಮ ಸಾಲಿಗೆ ಬಂದು ನಿಂತಳು.

"ಬರಲಿಲ್ವಲ್ಲ," ಎಂದರು ಅತ್ತೆ. "ಎಮ್ಮೆಗೆ ಮಾಲೆ ಹಾಕಿದ್ರು, ಕುಣಿದ್ರು, ಮುಗಿದೇಹೋಯ್ತು. ಅವಳು ಬರಲೇ ಇಲ್ಲ. ನೀನು ನೋಡಿದ್ಯಾ? ನಾನೇನಾದ್ರೂ ಕಣ್ಣು ಮಿಟುಕಿಸಿದಾಗ ಹೋಯ್ತಾ?"

"ನಾನು ಮಲಗ್ಬಿಟ್ಟಿದ್ದೆ ಅತ್ತೆ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಟ್ ಮಾಡಿದಾರೆ," ಎಂದರು. "ಅದೊಂದನ್ನೇ ಕಟ್ ಮಾಡಿದಾರೆ." ಬಸ್ಸಿನಲ್ಲಿ ವಾಪಸ್ ಬರುವಾಗ ಮಗಳು ಏನೋ ಹೇಳಲು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ನಾನು ಸುಮ್ಮನಿರಿಸಿದೆ. ನನಗೆ ಯಾರ ಮಾತೂ ಬೇಡವಾಗಿತ್ತು. ಆ ರಾತ್ರಿ ಅತ್ತೆ ಊಟವನ್ನೇ ಮಾಡಲಿಲ್ಲ.

ಮರುದಿನ ಬೆಳಗ್ಗೆ ನಾನು ಡಬ್ಬಿ ಕಟ್ಟುತ್ತಿರುವಾಗಲೇ ಭಾವ ಬಂದರು. ಕೈಯಲ್ಲಿ ಫೋನು. ಆ ಹೆಂಗಸು ಸೆಲ್ಫಿಯನ್ನು ಸ್ಟೇಟಸ್ ಹಾಕಿದ್ದರು. ಅದರಲ್ಲಿ ಅತ್ತೆ, ನಾನು, ಹಿಂದೆ ಪರದೆಯ ಮೇಲೆ ಎಮ್ಮೆಯ ದೊಡ್ಡ ಚಿತ್ರ. ಗಂಡ ಒಮ್ಮೆ ಅಣ್ಣನ ಮುಖ ನೋಡಿದರು, ಮಂಡಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟರು.

"ಏನಮ್ಮ ಇದು? ಅಪ್ಪ ಹೋಗಿ ವರ್ಷ ತುಂಬಿಲ್ಲ. ಊರವರು ಏನಂತಾರೆ?" ಆಮೇಲೆ ನನ್ನ ಕಡೆ ತಿರುಗಿ, "ಅಮ್ಮನಿಗೆ ಗೊತ್ತಾಗಲ್ಲ. ನೀನಾದ್ರೂ ಬೇಡ ಅನ್ನಬಾರದಿತ್ತೇನಮ್ಮ?"

ಫ್ಯಾಕ್ಟರಿ ಬಸ್ಸು ಹೊರಡಲು ಹದಿನೈದು ನಿಮಿಷವಿತ್ತು. ನಾನು ಡಬ್ಬಿಯ ಮುಚ್ಚಳ ಒತ್ತುತ್ತ, "ಅತ್ತೆ ಊಟ ಬಿಟ್ಟಾಗ ಊರವರು ಯಾರೂ ಬಂದು ಉಣ್ಸಿಲ್ಲ ಭಾವ," ಎಂದೆ. ಹದಿನಾಲ್ಕು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೊಂದೇ ಸಲ.

ಅತ್ತೆ ನಮ್ಮಿಬ್ಬರ ನಡುವೆ ಬಂದು ನಿಂತರು. "ಅವಳನ್ನ ಏನೂ ಅನ್ಬೇಡ. ಕರ್ಕೊಂಡು ಹೋಗು ಅಂದವಳು ನಾನು. ಬಸ್ಸು ನಿಲ್ಸೋದನ್ನ ನೋಡಕ್ಕೆ ಹೋಗಿದ್ದೆ. ಅದೂ ಇರ್ಲಿಲ್ಲ, ಸಾಕಾ?"

"ಯಾವ ಬಸ್ಸು?" ಎಂದರು ಭಾವ.

ಆಗ ಮಗಳು, ಹಲ್ಲುಜ್ಜುವ ಬ್ರಷ್ಷು ಬಾಯಿಂದ ತೆಗೆದು, ಬಸ್ಸಿನಲ್ಲಿ ನಾನು ಆಡಗೊಡದ ಮಾತನ್ನು ಆಡಿದಳು. "ಅಜ್ಜಿ, ಅದು ಸಿನಿಮಾದಲ್ಲಿ ಹೇಗೆ ಬರುತ್ತೆ? ಪುಸ್ತಕದಲ್ಲೇ ಇಲ್ವಲ್ಲ!"

"ಇಲ್ದೆ ಏನೇ? ದಿನಾ ಓದ್ತಿದ್ರಲ್ಲ ನಿಮ್ಮಜ್ಜ!"

"ಓದ್ತಿರ್ಲಿಲ್ಲ. ಎಮ್ಮೆ ಕೆರೇಲಿ ನೀರು ಕುಡಿಯೋ ಪುಟ ಬಂದಾಗ ಪುಸ್ತಕ ನೋಡ್ದೇನೇ ಹೇಳೋರು. ನಂಗೆ ಓದಕ್ಕೆ ಬರುತ್ತೆ, ನಾನು ನೋಡಿದೀನಿ. ಅಲ್ಲಿ ಬಸ್ಸೇ ಇಲ್ಲ." ಅವಳು ಬ್ರಷ್ಷಿನಿಂದ ಅಡುಗೆಮನೆಯ ಬಾಗಿಲು ತೋರಿಸಿದಳು. "ಅದನ್ನ ಹೇಳುವಾಗ ಅಜ್ಜ ನನ್ನ ನೋಡ್ತಿರ್ಲಿಲ್ಲ. ಅಲ್ಲಿ ನೋಡ್ತಿದ್ರು."

ಅತ್ತೆ ಸೊಂಟದಿಂದ ಕೀಲಿ ತೆಗೆದು ಟ್ರಂಕು ತೆರೆದರು. ಭಾವ ಪುಸ್ತಕವನ್ನು ಇಸಿದುಕೊಂಡು, ಉತ್ತರ ಪತ್ರಿಕೆ ನೋಡುವ ಹಾಗೆ ನಿಂತಲ್ಲೇ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದರು. ಇನ್ನೊಂದು ಸಲ ಹಿಂದೆ ತಿರುವಿದರು. ಕೆರೆಯ ಪುಟದ ಅಂಚಿನಲ್ಲಿ ನಶ್ಯದ ಕಂದು ಬಣ್ಣದ ಹೆಬ್ಬೆರಳಿನ ಗುರುತಿತ್ತು, ಒಂದರ ಮೇಲೊಂದು ಬಿದ್ದು ದಪ್ಪಗಾಗಿತ್ತು. ಬೇರೆ ಯಾವ ಪುಟದಲ್ಲೂ ಅಷ್ಟಿರಲಿಲ್ಲ.

"ಇಲ್ಲಮ್ಮ," ಎಂದರು ಭಾವ. "ಇದರಲ್ಲಿ ಆಯನೂರೂ ಇಲ್ಲ, ಮಗು ಎತ್ಕೊಂಡ ಹೆಂಗಸೂ ಇಲ್ಲ."

ಅತ್ತೆಗೆ ಮೊದಲು ಬಂದದ್ದು ಸಿಟ್ಟು. ಅಂಥ ಸಿಟ್ಟನ್ನು ನಾನು ಅವರಲ್ಲಿ ಕಂಡಿರಲಿಲ್ಲ. "ಏನು ಮನುಷ್ಯ ಇದು! ನಲವತ್ತಾರು ವರ್ಷ ಒಂದೇ ಮನೇಲಿ ಇದ್ದೆ, ಎದುರಿಗೆ ಕೂತು ಹೇಳಕ್ಕೆ ಬಾಯಿರ್ಲಿಲ್ವಾ? ಎಮ್ಮೆ ಕೈಲಿ ಹೇಳಿಸ್ಬೇಕಿತ್ತಾ? ನಾನು... ನಾನು ಏನಂದೆ ಗೊತ್ತಾ ಅವರಿಗೆ? ಬರೆದವರಿಗಿರೋ ಬುದ್ಧಿ ನಿಮಗಿಲ್ಲ ಅಂದೆ! ಸುಮ್ನೆ ಕೇಳಿಸ್ಕೊಂಡ್ರಲ್ಲ!" ಎಂದವರು ಅಲ್ಲೇ ಟ್ರಂಕಿನ ಪಕ್ಕದಲ್ಲಿ ಕೂತು, ಅತ್ತರೋ ನಕ್ಕರೋ, ಎರಡೂ ಒಟ್ಟಿಗೇ ಬಂತು. ನಾನು ಡಬ್ಬಿ ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ. ಫ್ಯಾಕ್ಟರಿ ಬಸ್ಸು ಹೋಗಿರಬೇಕು. ಹೋಗಲಿ ಎನಿಸಿತು. ಒಂದೂವರೆ ವರ್ಷ ಒಬ್ಬ ಮನುಷ್ಯ ಮನೆ ಅದುರುವಂತೆ ಕೂಗಿ ಕ್ಷಮೆ ಕೇಳಿದ್ದ, ಬಟ್ಟೆ ಮಡಿಚುತ್ತ ಕೂತಿದ್ದ ನನಗೂ ಅದು ತಿಳಿಯಲಿಲ್ಲವಲ್ಲ ಎಂದು ನನಗೆ ತುಂಬ ನಾಚಿಕೆಯಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಎದ್ದರು. ಹಾಲ್‌ನ ಕುರ್ಚಿ ತೋರಿಸಿ ಭಾವನಿಗೆ, "ಕೂತ್ಕೋ. ಓದು," ಎಂದರು.

"ಈಗ್ಲಾ? ಸ್ಕೂಲಿಗೆ ಹೊತ್ತಾಯ್ತಮ್ಮ."

"ದಸರಾ ರಜೇಲಿ ಯಾವ ಸ್ಕೂಲೋ ನಿಂಗೆ? ಓದು. ಅದನ್ನೂ ಸೇರ್ಸಿ ಓದು. ಹೇಗೆ ಹೇಳ್ಬೇಕು ಅಂತ ಅವಳು ಹೇಳ್ಕೊಡ್ತಾಳೆ." ಮಗಳು ಆಗಲೇ ಬಾಯಿ ತೊಳೆದುಕೊಂಡು ಬಂದು ಕುರ್ಚಿಯ ಕೆಳಗೆ ಚಕ್ಕಳಮಕ್ಕಳ ಹಾಕಿದ್ದಳು. ದೊಡ್ಡಪ್ಪನ ಕಿವಿಯಲ್ಲಿ ಏನೇನೋ ಪಿಸುಗುಟ್ಟಿದಳು. ಅತ್ತೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು, ಚಹಾಕ್ಕೆ ನೀರಿಟ್ಟ ಸದ್ದಾಯಿತು.

ಭಾವ ಪಾಠ ಮಾಡುವವರ ಹಾಗೆ ಓದಿದರು. ಎಮ್ಮೆಗೂ ಡ್ರೈವರ್‌ಗೂ ಒಂದೇ ದನಿ. ಮಗಳಿಗೆ ಸಮಾಧಾನವಾಗಲಿಲ್ಲ, ಆದರೂ ಸಹಿಸಿಕೊಂಡಳು. ಕೆರೆಯ ಪುಟ ಬಂತು. ಆ ಹೆಬ್ಬೆರಳಿನ ಗುರುತಿನ ಮೇಲೆ ಭಾವನ ಕೈ ನಿಂತಿತು, ಮಾತೂ ನಿಂತಿತು. ಭದ್ರಾವತಿಯ ಆ ಸ್ಟಾಪಿನಲ್ಲಿ ಅಮ್ಮನ ಸೊಂಟದ ಮೇಲೆ ಬೆಳಗ್ಗೆಯಿಂದ ಮೂರರ ತನಕ ಕೂತಿದ್ದ ಮಗು ಅವರೇ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಯಾಕೋ ಸುಮ್ನಾದೆ?" ಅತ್ತೆ ಒಳಗಿನಿಂದಲೇ ಕೂಗಿದರು. "ನಿಲ್ಸೋ ಬಸ್ಸು."

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಪುಸ್ತಕ ನೋಡದೆ, ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಇಡೀ ಕ್ರಾಸಿಗೆ ಕೇಳಿಸುವ ಹಾಗೆ "ಹೋಲ್ಡಾನ್!" ಎಂದು ಕೂಗಿದರು.